ಮೇಪಲ್ ಮರದ ಮೊದಲ ಪಾಕ

ಬೆರ್ರಿಯೆಸಾ, ಸ್ಯಾನ್ ಹೋಸೆ
೨೨ ಸೆಪ್ಟೆಂಬರ್ ೧೯೮೫

ಮಾನ್ಯ ಆನಂದತೀರ್ಥ ಅವರಿಗೆ, ವಸುಧಾ ಮಾಡುವ ನಮಸ್ಕಾರಗಳು.

ನನ್ನ ಪರಿಚಯ ನಿಮಗಿಲ್ಲ. ನಿಮ್ಮ ಹಳೆಯ ಸ್ನೇಹಿತ ಜಯರಾಮ್ ಅವರ ಹೆಂಡತಿ ನಾನು. ನಮ್ಮ ಮದುವೆಯಾದದ್ದು ಎಪ್ಪತ್ತೊಂಬತ್ತರಲ್ಲಿ, ಅವರು ವರ್ಮಾಂಟ್ ಬಿಟ್ಟು ಈ ಕಡೆಗೆ ಬಂದ ಮೇಲೆ. ಅಲ್ಲಿ ನೀವಿಬ್ಬರೂ ಒಟ್ಟಿಗೆ ಓದುತ್ತಿದ್ದಿರಿ, ಒಂದೇ ಮನೆಯ ಮೇಲೆ ಕೆಳಗೆ ಇದ್ದಿರಿ ಎಂದು ಹೇಳಿದ್ದಾರೆ. ಆಮೇಲೆ ಮಾತು ನಿಂತಿತು ಎಂದೂ ಗೊತ್ತು. ಕಾರಣ ಅವರು ಹೇಳಲಿಲ್ಲ, ನಾನೂ ಕೆದಕಲಿಲ್ಲ. ನಿಮ್ಮ ವಿಳಾಸವನ್ನು ಯೂನಿವರ್ಸಿಟಿಗೆ ಫೋನ್ ಮಾಡಿ ಪಡೆದೆ. ಅವರಿಗೆ ತಿಳಿಯದಂತೆ ಬರೆಯುತ್ತಿದ್ದೇನೆ.

ಅವರಿಗೆ ಎ.ಎಲ್.ಎಸ್. ಎಂಬ ನರಗಳ ಕಾಯಿಲೆ. ಹೋದ ವರ್ಷ ಆಫೀಸಿನಲ್ಲಿ ಪೆನ್ನು ಕೈಯಿಂದ ಜಾರತೊಡಗಿತು. ಈಗ ಗಾಲಿಕುರ್ಚಿ. ಮಾತು ತೊದಲುತ್ತದೆ, ನನಗೆ ಮತ್ತು ಮಗಳು ಊರ್ಮಿಳೆಗೆ ಬಿಟ್ಟರೆ ಇನ್ನೊಬ್ಬರಿಗೆ ಅರ್ಥವಾಗುವುದಿಲ್ಲ. ಡಾಕ್ಟರು ಒಂದು ವರ್ಷ ಎನ್ನುತ್ತಾರೆ, ಕೆಲವರು ಅಷ್ಟೂ ಇಲ್ಲ ಎನ್ನುತ್ತಾರೆ. ನೀರು, ಕಾಫಿಯಂಥ ತೆಳ್ಳಗಿನ ಪದಾರ್ಥ ಶ್ವಾಸನಾಳಕ್ಕೆ ಹೋಗುತ್ತದೆ. ಗಟ್ಟಿಯಾದದ್ದು ಇಳಿಯುವುದಿಲ್ಲ. ಇವೆರಡರ ನಡುವೆ ಗಂಜಿಯ ಹದದ್ದು, ಜೇನುತುಪ್ಪದ ಹದದ್ದು ಮಾತ್ರ ಕೊಡಬೇಕು.

ಹಾಗಾಗಿ ಗ್ರೋಸರಿಯಿಂದ ಮೇಪಲ್ ಸಿರಪ್ ತಂದು ಕೊಟ್ಟೆ. ಒಂದು ಚಮಚ ಬಾಯಲ್ಲಿಟ್ಟುಕೊಂಡು ಹೊರಗೆ ಬಿಟ್ಟರು. "ಇದು ಮರದ್ದಲ್ಲ ಕಣೆ. ಜೋಳದ ಸಕ್ಕರೆಗೆ ಬಣ್ಣ ಹಾಕವ್ರೆ," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ವೀಲಾಕ್ ಮಾಡ್ತಿದ್ದ ಪಾಕ ಇನ್ನೊಂದ್ಸಲ ಕುಡೀಬೇಕು," ಎಂದರು. ಕಾಯಿಲೆ ಬಂದ ಮೇಲೆ ಅವರು ಬೇಕು ಎಂದು ಕೇಳಿದ್ದು ಇದೊಂದೇ. ವೀಲಾಕ್ ಎಂಬುವರು ನಿಮ್ಮ ಕಡೆಯ ರೈತರಂತೆ. ಅವರ ಕೈಯಿಂದ ಒಂದು ಡಬ್ಬಿ ಕಳಿಸಿಕೊಡಲು ಸಾಧ್ಯವೇ?

ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಿ.

ಇತಿ,
ವಸುಧಾ ಜಯರಾಮ್


ಬರ್ಲಿಂಗ್ಟನ್, ವರ್ಮಾಂಟ್
೧೪ ಅಕ್ಟೋಬರ್ ೧೯೮೫

ಶ್ರೀಮತಿ ವಸುಧಾ ಅವರಿಗೆ,

ನಿಮ್ಮ ಪತ್ರ ತಲುಪಿತು. ಕಾಯಿಲೆಯ ವಿಷಯ ತಿಳಿದು ವಿಷಾದವಾಯಿತು.

ಮೇಪಲ್ ಪಾಕ ಮಾಡುವುದು ಮಾರ್ಚ್ ತಿಂಗಳಲ್ಲಿ ಮಾತ್ರ. ರಾತ್ರಿ ಹೆಪ್ಪುಗಟ್ಟುವ ಚಳಿ, ಹಗಲು ಬಿಸಿಲು ಇದ್ದಾಗಷ್ಟೇ ಮರದಲ್ಲಿ ರಸ ಏರುತ್ತದೆ. ಈಗ ಸಿಗುವುದೆಲ್ಲ ಹಳೆಯದು. ವೀಲಾಕ್ ತೀರಿಕೊಂಡು ಎರಡು ವರ್ಷವಾಯಿತು. ಅವರ ಹೆಂಡತಿ, ಮಗ ಕೆಲಸ ಮುಂದುವರಿಸಿದ್ದಾರೆಂದು ಕೇಳಿದ್ದೇನೆ. ನಾನು ಆ ಕಡೆಗೆ ಹೋಗುವುದಿಲ್ಲ.

ಡಬ್ಬಿಯ ಮೇಲೆ ವರ್ಮಾಂಟ್ ಎಂದು ಮುದ್ರೆ ಇದ್ದರೆ ಅದು ಅಸಲಿ. ನಿಮ್ಮಲ್ಲಿ ದೊಡ್ಡ ಅಂಗಡಿಗಳಲ್ಲಿ ವಿಚಾರಿಸಿ.

ಆನಂದತೀರ್ಥ


ಬೆರ್ರಿಯೆಸಾ
೩ ನವೆಂಬರ್ ೧೯೮೫

ಮಾನ್ಯ ಆನಂದತೀರ್ಥ ಅವರಿಗೆ,

ನಿಮ್ಮ ಪತ್ರ ಬಂದ ದಿನ ಲಕೋಟೆಯನ್ನು ಊಟದ ಮೇಜಿನ ಮೇಲೆ ಬಿಟ್ಟಿದ್ದೆ. ಅಕ್ಷರ ನೋಡಿಯೇ ಗುರುತು ಹಿಡಿದರು. ಓದು ಎಂದು ಸನ್ನೆ ಮಾಡಿದರು. ಓದಿದೆ. "ನಾನು ಆ ಕಡೆಗೆ ಹೋಗುವುದಿಲ್ಲ" ಎಂಬಲ್ಲಿಗೆ ಬಂದಾಗ ಅಳತೊಡಗಿದರು. ಈ ಕಾಯಿಲೆಯಲ್ಲಿ ಅಳು ತಾನಾಗಿ ಬರುವುದುಂಟು, ಹಾಗೆಯೇ ಇರಬೇಕು ಎಂದುಕೊಂಡೆ. ಆದರೆ ಮಾತು ಹೊರಟಿತು. ಒಂದೊಂದು ಪದಕ್ಕೂ ತಡವಾಯಿತು.

"ವೇದಾನ ನಾನೇ ಸಾಯಿಸ್ದೆ," ಎಂದರು.

ಆಮೇಲೆ ಎರಡು ದಿನ ಸ್ವಲ್ಪ ಸ್ವಲ್ಪವೇ ಹೇಳಿದರು. ನಿಮ್ಮ ಹೆಂಡತಿಯ ಹೆಸರು ವೇದವತಿ ಎಂಬುದೂ ನನಗೆ ಅಂದೇ ತಿಳಿದದ್ದು. ಎಪ್ಪತ್ತೆಂಟರ ಮಾರ್ಚಿನಲ್ಲಿ ವೀಲಾಕರ ತೋಟದಿಂದ ಬರುವಾಗ ಹಿಮದಲ್ಲಿ ಕಾರು ಜಾರಿ ಸೇತುವೆಯ ಕಟಾಂಜನಕ್ಕೆ ಹೊಡೆಯಿತು, ಓಡಿಸುತ್ತಿದ್ದವರು ಇವರು. ಇವರಿಗೆ ಮುಂಗೈ ಮುರಿಯಿತು, ಅಷ್ಟೇ.

ಆರು ವರ್ಷ ಒಟ್ಟಿಗಿದ್ದೂ ನನಗೆ ಈ ವಿಷಯ ಗೊತ್ತಿರಲಿಲ್ಲ. ಗೊತ್ತಿದ್ದರೆ ನಿಮಗೆ, ಅದೂ ಆ ತೋಟದ ಪಾಕಕ್ಕಾಗಿ, ಬರೆಯುತ್ತಿರಲಿಲ್ಲ. ಹಿಮ ಬೀಳದ ಊರಿನಲ್ಲೇ ಇವರು ಕೆಲಸ ಹುಡುಕಿದ್ದು ಏಕೆ, ಹಿಮ ನೋಡಲು ತಾಹೋ ಬೆಟ್ಟಗಳ ಕಡೆಗೆ ಎಲ್ಲರೂ ಹೊರಟಾಗ ನೆಪ ಹೇಳುತ್ತಿದ್ದದ್ದು ಏಕೆ ಎಂದು ಈಗ ತಿಳಿಯುತ್ತಿದೆ.

ನಿಮ್ಮನ್ನು ನೋಯಿಸಿದ್ದೇನೆ. ಮತ್ತೆ ಬರೆಯುವುದಿಲ್ಲ.

ವಸುಧಾ


ಬೆರ್ರಿಯೆಸಾ
೨೪ ಮಾರ್ಚ್ ೧೯೮೬

ಆನಂದತೀರ್ಥ ಅವರಿಗೆ ನಮಸ್ಕಾರಗಳು.

ಶುಕ್ರವಾರ ನಿಮ್ಮ ಪೆಟ್ಟಿಗೆ ಬಂತು. ಕಾಗದಕ್ಕಾಗಿ ಹುಡುಕಿದೆ, ಇರಲಿಲ್ಲ. ಹಳೆಯ ಪತ್ರಿಕೆಯಲ್ಲಿ ಸುತ್ತಿದ ನಾಲ್ಕು ಡಬ್ಬಿ, ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ಕಾಯಿಸಿದ ತಾರೀಖು. ಹೋಗುವುದಿಲ್ಲ ಎಂದಿದ್ದ ಕಡೆಗೆ ನೀವು ಹೋಗಿದ್ದಿರಿ ಎಂದಾಯಿತು.

ಮತ್ತೆ ಬರೆಯುವುದಿಲ್ಲ ಎಂದಿದ್ದ ನಾನೂ ಬರೆಯುತ್ತಿದ್ದೇನೆ. ಏನಾಯಿತೆಂದು ನಿಮಗೆ ತಿಳಿಸಬೇಕು.

ಮೊದಲ ಡಬ್ಬಿ ಮಾರ್ಚ್ ಎಂಟರದ್ದು. ಒಣ ಹುಲ್ಲಿನ ಬಣ್ಣ, ಗಾಜಿನ ಲೋಟಕ್ಕೆ ಸುರಿದರೆ ಆ ಕಡೆಯ ಕಿಟಕಿ ಕಾಣುತ್ತಿತ್ತು. ಉಗುರುಬೆಚ್ಚಗೆ ಮಾಡಿ ಚಮಚದ ತುದಿಯಲ್ಲಿ ನಾಲಗೆಗೆ ಮುಟ್ಟಿಸಿದೆ. ಕಣ್ಣು ಮುಚ್ಚಿಕೊಂಡರು. ಗಂಟಲು ಮೇಲೆ ಹೋಗಿ ಕೆಳಗೆ ಬಂತು. ಕೆಮ್ಮು ಬರಲಿಲ್ಲ. ಮತ್ತೆ ಬಾಯಿ ತೆರೆದರು. ಹೀಗೆ ಹನ್ನೊಂದು ಚಮಚ. ಜನವರಿಯಿಂದ ಈಚೆಗೆ ಅವರು ಯಾವುದಕ್ಕೂ ತಾವಾಗಿ ಬಾಯಿ ತೆರೆದಿರಲಿಲ್ಲ.

ಮಾತು ಈಗ ಪೂರ್ತಿ ನಿಂತಿದೆ. ಆಸ್ಪತ್ರೆಯವರು ಇಂಗ್ಲಿಷ್ ಅಕ್ಷರಗಳ ಹಲಗೆ ಕೊಟ್ಟಿದ್ದಾರೆ. ನಾನು ಸಾಲು ಸಾಲಾಗಿ ಬೆರಳಿಟ್ಟು ಹೋಗುತ್ತೇನೆ, ಬೇಕಾದ ಅಕ್ಷರ ಬಂದಾಗ ರೆಪ್ಪೆ ಹೊಡೆಯುತ್ತಾರೆ. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ. ಅಂದು ಅವರು ಹೇಳಿದ ಪದ "ಆಲೆಮನೆ".

ಇವರ ಮಂಡ್ಯದ ಕಡೆಯ ಮನೆಯಲ್ಲಿ ಕಬ್ಬಿನ ಆಲೆಮನೆ ಇತ್ತು, ನಿಮಗೆ ಗೊತ್ತಿರಬೇಕು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕುವುದನ್ನು ನೋಡುತ್ತ ಬೆಳೆದವರು. ವೀಲಾಕರು ಪಾಕ ಕಾಯಿಸುವ ಗುಡಿಸಲಿಗೂ ಆಲೆಮನೆ ಎಂದೇ ಹೆಸರಿಟ್ಟಿದ್ದರಂತೆ. ಮಾತಿದ್ದಾಗ ಒಮ್ಮೆ ಹೇಳಿದ್ದರು: ಮರಕ್ಕೆ ಕೊರೆದ ತೂತಿನಿಂದ ಬಕೆಟ್ಟಿಗೆ ಬೀಳುವ ರಸ ಬರೀ ನೀರಿನ ಹಾಗೆ, ನಲವತ್ತು ಬಕೆಟ್ಟು ಕಾಯಿಸಿದರೆ ಒಂದು ಬಕೆಟ್ಟು ಪಾಕ. ಜೋನಿಬೆಲ್ಲಕ್ಕೆ ಹತ್ತಿರದ ರುಚಿ, ಆದರೆ ಕೊನೆಯಲ್ಲಿ ಹೊಗೆಯ ವಾಸನೆ, ಅದರ ಹಿಂದೆ ಮರದ ವಾಸನೆ. ವೇದವತಿಯವರು ಬಿಸಿ ಪಾಕವನ್ನು ಹಿಮದ ಮೇಲೆ ಸುರಿದು, ಅದು ತಂತಿಯ ಹಾಗೆ ಗಟ್ಟಿಯಾದ ಮೇಲೆ ಫೋರ್ಕಿಗೆ ಸುತ್ತಿಕೊಂಡು ತಿನ್ನುತ್ತಿದ್ದರಂತೆ. ಇದನ್ನು ನಿಮಗೆ ಬರೆಯಬಹುದೋ ಇಲ್ಲವೋ ತಿಳಿಯದು. ಬರೆದುಬಿಟ್ಟೆ.

ಊರ್ಮಿಳೆಗೆ ದೋಸೆಯ ಮೇಲೆ ಹಾಕಿಕೊಟ್ಟೆ. ಅವಳು ಇಂಗ್ಲಿಷಿನಲ್ಲೇ ಉತ್ತರ ಕೊಡುವುದು. "ಡ್ಯಾಡಿ ವಾಸ್ ರೈಟ್," ಎಂದಳು. ತಟ್ಟೆ ನೆಕ್ಕಿದಳು. ನಾನೂ ತಿಂದೆ. ಮೂರು ಜನ ಒಂದೇ ಮೇಜಿನಲ್ಲಿ ಒಂದೇ ಪದಾರ್ಥ ತಿಂದದ್ದು ಎಷ್ಟೋ ತಿಂಗಳ ಮೇಲೆ. ಊಟವಾದ ಮೇಲೆ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಸಂತೋಷಕ್ಕಲ್ಲ. ಡಬ್ಬಿ ನಾಲ್ಕೇ, ಮುಂದಿನ ಮಾರ್ಚ್ ಇವರಿಗಿಲ್ಲ.

ಇತಿ,
ವಸುಧಾ


ಬರ್ಲಿಂಗ್ಟನ್
೬ ಏಪ್ರಿಲ್ ೧೯೮೬

ಸೋದರಿ ವಸುಧಾ ಅವರಿಗೆ,

ನಿಮ್ಮ ಪತ್ರ ನಾಲ್ಕು ಸಲ ಓದಿದೆ. ಹಿಮದ ಮೇಲೆ ಪಾಕ ಸುರಿಯುವ ವಿಷಯ ನೀವು ಬರೆಯದೇ ಇದ್ದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ನಡೆದದ್ದರಲ್ಲಿ ಅರ್ಧ ಮಾತ್ರ ಜಯರಾಮನಿಗೆ ಗೊತ್ತಿದೆ, ಅಥವಾ ಅವನು ಅರ್ಧ ಮಾತ್ರ ನಿಮಗೆ ಹೇಳಿದ್ದಾನೆ. ಇನ್ನರ್ಧ ನನ್ನದು.

ಮಾರ್ಚ್ ಬಂತೆಂದರೆ ಶನಿವಾರ ಭಾನುವಾರ ಅವನು ವೀಲಾಕರ ಹತ್ತಿರ ಪಾಕ ಕಾಯಿಸಲು ಹೋಗುತ್ತಿದ್ದ. ಹದ ನೋಡುವುದರಲ್ಲಿ ಅವನ ಕೈ ವೀಲಾಕರಿಗಿಂತ ಚೆನ್ನಾಗಿತ್ತು. ವೇದಾ ಅವನ ಜೊತೆ ಹೋಗುತ್ತಿದ್ದಳು. ನನಗೆ ಥೀಸಿಸ್ ಇತ್ತು. ಮೈಸೂರಿನ ಅಗ್ರಹಾರದಲ್ಲಿ ಬೆಳೆದ ಹುಡುಗಿ ಆ ಉಗಿ ತುಂಬಿದ ಗುಡಿಸಲಿನಲ್ಲಿ ನಗುತ್ತಿದ್ದಷ್ಟು ನಮ್ಮ ಮನೆಯಲ್ಲಿ ನಗುತ್ತಿರಲಿಲ್ಲ. ಅವರಿಬ್ಬರ ನಡುವೆ ಏನೂ ಇರಲಿಲ್ಲ. ಅದು ನನಗೆ ಆಗಲೂ ಗೊತ್ತಿತ್ತು. ಗೊತ್ತಿದ್ದೂ ಸಹಿಸಲಾಗುತ್ತಿರಲಿಲ್ಲ.

ಅಂದು ಮಧ್ಯಾಹ್ನ ಮೂರರಿಂದ ಹಿಮ ಶುರುವಾಯಿತು. ರಸ್ತೆಯ ಹಿಮ ತೆಗೆಯುವ ಗಾಡಿ ಇನ್ನು ಮರುದಿನ ಬೆಳಗ್ಗೆಯೇ ಬರುವುದು, ಹಾಗಾಗಿ ವೀಲಾಕರ ಮನೆಯಲ್ಲೇ ಉಳಿಯುತ್ತೇವೆ ಎಂದು ವೇದಾ ನಾಲ್ಕು ಗಂಟೆಗೆ ಫೋನ್ ಮಾಡಿ ಹೇಳಿದಳು. ಸರಿ ಎಂದೆ. ಅರ್ಧ ಗಂಟೆ ಕುಳಿತುಕೊಂಡೆ. ಆಮೇಲೆ ನಾನೇ ಫೋನ್ ಮಾಡಿದೆ. ಎತ್ತಿಕೊಂಡದ್ದು ಮಿಸೆಸ್ ವೀಲಾಕ್. ಅವರಿಬ್ಬರೂ ದೂರದ ಗುಡಿಸಲಿನಲ್ಲಿದ್ದರು. "ನನ್ನ ಹೆಂಡತಿ ಬೇರೆಯವರ ಮನೆಯಲ್ಲಿ ರಾತ್ರಿ ಉಳಿಯುವುದು ನನಗೆ ಇಷ್ಟವಿಲ್ಲ, ಈಗಲೇ ಕರೆದುಕೊಂಡು ಬರಲು ಜಯರಾಮನಿಗೆ ಹೇಳಿ" ಎಂದೆ. ಆಕೆ, ರಸ್ತೆ ಕೆಟ್ಟಿದೆ ಎಂದರು. ಹೇಳಿ ಎಂದೆ.

ಆರು ಗಂಟೆಗೆ ಪೊಲೀಸರು ಫೋನ್ ಮಾಡಿದರು.

ವೇದಾಳ ತಂದೆಗೆ ನಾನು ಬರೆದದ್ದು ಬೇರೆ. ಉಳಿಯಿರಿ ಎಂದು ನಾನು ಹೇಳಿದ್ದೆ, ಜಯರಾಮ ಮಾತು ಕೇಳದೆ ಹೊರಟ ಎಂದು ಬರೆದೆ. ಇಲ್ಲಿಯ ಕನ್ನಡದವರಿಗೂ ಅದನ್ನೇ ಹೇಳಿದೆ. ಜಯರಾಮ ಕೈಗೆ ಪಟ್ಟಿ ಕಟ್ಟಿಕೊಂಡು ಅಂತ್ಯಕ್ರಿಯೆಗೆ ಬಂದ. ಎಲ್ಲರೂ ಅವನ ಕಡೆ ನೋಡಿದರು. ಅವನು ಏನೂ ಹೇಳಲಿಲ್ಲ. ಆಸ್ಪತ್ರೆಯಲ್ಲೂ ಹೇಳಿರಲಿಲ್ಲ. ಎರಡು ತಿಂಗಳಲ್ಲಿ ಊರು ಬಿಟ್ಟ.

ಅವನು ನನ್ನನ್ನು ಉಳಿಸಲು ಸುಮ್ಮನಿದ್ದನೋ, ಮಾತನಾಡಲು ಅಸಹ್ಯವಾಗಿ ಸುಮ್ಮನಿದ್ದನೋ, ಎಂಟು ವರ್ಷದಿಂದ ಯೋಚಿಸುತ್ತಿದ್ದೇನೆ. ಇದನ್ನು ಅವನಿಗೆ ಓದಿ ಹೇಳಿ. ನನ್ನ ಮೇಲೆ ಬೈಗುಳ ಬಂದರೂ ಸರಿ, ಒಂದು ಅಕ್ಷರವೂ ಬಿಡದೆ ನನಗೆ ಬರೆಯಿರಿ.

ಆನಂದತೀರ್ಥ


ಬೆರ್ರಿಯೆಸಾ
೨೭ ಏಪ್ರಿಲ್ ೧೯೮೬

ಆನಂದತೀರ್ಥ ಅವರಿಗೆ,

ಎರಡು ವಾರ ತಡ ಮಾಡಿದ್ದಕ್ಕೆ ಕಾರಣ ಇವರ ನ್ಯುಮೋನಿಯಾ. ಆಸ್ಪತ್ರೆಯಿಂದ ಮನೆಗೆ ಬಂದು ನಾಲ್ಕು ದಿನವಾಯಿತು. ಇನ್ನೊಂದು ಕಾರಣ, ನಿಮ್ಮ ಪತ್ರವನ್ನು ಇವರಿಗೆ ಓದಬೇಕೋ ಬೇಡವೋ ಎಂದು ನನಗೇ ತೀರ್ಮಾನವಾಗಲಿಲ್ಲ. ನಿಜ ಹೇಳುತ್ತೇನೆ, ಮೊದಲ ಸಲ ಓದಿದಾಗ ನಿಮ್ಮ ಮೇಲೆ ಬಂದ ಸಿಟ್ಟಿಗೆ ಕಾಗದವನ್ನು ಕಸದ ಬುಟ್ಟಿಗೆ ಹಾಕಿ, ಆಮೇಲೆ ಎತ್ತಿಕೊಂಡೆ.

ನಿನ್ನೆ ಮಧ್ಯಾಹ್ನ ಊರ್ಮಿಳೆಯನ್ನು ಪಕ್ಕದ ಮನೆಗೆ ಕಳಿಸಿ ಓದಿದೆ. ಒಂದು ಅಕ್ಷರವೂ ಬಿಡಲಿಲ್ಲ. ಇವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಓದಿ ಮುಗಿಸಿದೆ. ಆಮೇಲೆ ಹಲಗೆಯ ಕಡೆ ನೋಡಿದರು.

ಮೊದಲು ಬಂದದ್ದು "ಫೋನ್". ಆಮೇಲೆ "ಬರಲಿಲ್ಲ".

ಅರ್ಥವಾಗದೆ ಕೇಳಿದೆ. "ಮಿಸೆಸ್ ವೀಲಾಕ್ ಬಂದು ಹೇಳ್ಲಿಲ್ವಾ ನಿಮಗೆ?" ಎರಡು ಸಲ ರೆಪ್ಪೆ ಹೊಡೆದರು. ಎರಡು ಸಲ ಎಂದರೆ ಇಲ್ಲ.

"ಮತ್ತೆ ಆ ಹಿಮದಲ್ಲಿ ಯಾಕೆ ಹೊರಟ್ರಿ?"

"ಜಂಬ" ಎಂದು ಬರೆಸಿದರು. ಸ್ವಲ್ಪ ಸುಧಾರಿಸಿಕೊಂಡು, "ಡ್ರೈವಿಂಗ್ ಗೊತ್ತು ಅಂತ ಜಂಬ." ಕೊನೆಗೆ, "ಆನಂದನ ತಪ್ಪು ಇಲ್ಲ. ಬರಿ."

ಇಷ್ಟಕ್ಕೆ ಒಂದು ಗಂಟೆ ಹಿಡಿಯಿತು. ಕುತ್ತಿಗೆ ವಾಲಿ ಬೆವರಿದ್ದರು. ನಾನು ಇನ್ನೊಂದು ಪ್ರಶ್ನೆ ಕೇಳಲು ಹೋದೆ, ಕಣ್ಣು ಮುಚ್ಚಿಕೊಂಡುಬಿಟ್ಟರು.

ನೀವು ಕೇಳಿದ್ದಂತೆ ಎಲ್ಲವನ್ನೂ ಬರೆದಿದ್ದೇನೆ.

ವಸುಧಾ


ಬರ್ಲಿಂಗ್ಟನ್
೫ ಮೇ ೧೯೮೬

ತಂಗಿ ವಸುಧಾ,

ಹೀಗೆ ಕರೆಯುವುದಕ್ಕೆ ಅಪ್ಪಣೆ ಕೇಳದೆ ಕರೆಯುತ್ತಿದ್ದೇನೆ. ನಿಮ್ಮ ಪತ್ರವನ್ನು ಅಂಚೆಪೆಟ್ಟಿಗೆಯ ಹತ್ತಿರವೇ ನಿಂತು ಓದಿ, ಮನೆಯೊಳಗೆ ಬಂದು ಶೂ ಬಿಚ್ಚದೆ ಮಲಗಿ ಹನ್ನೊಂದು ಗಂಟೆ ನಿದ್ದೆ ಮಾಡಿದೆ. ಎಷ್ಟೋ ವರ್ಷಗಳ ಮೇಲೆ ಬಂದ ನಿದ್ದೆ.

ಮಿಸೆಸ್ ವೀಲಾಕ್ ಅವನಿಗೆ ಹೇಳಲೇ ಇಲ್ಲ. ಇದನ್ನು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಹಿಮದಲ್ಲಿ ಗುಡಿಸಲಿನವರೆಗೆ ಹೋಗಲಾರದೆ ಸುಮ್ಮನಾಗಿರಬೇಕು.

ನನ್ನ ವಿದ್ಯಾರ್ಥಿಗಳ ಪರೀಕ್ಷೆಗಳು ಮುಗಿಯುತ್ತಲೇ ಬರುತ್ತೇನೆ. ಜೂನ್ ಹದಿನಾಲ್ಕಕ್ಕೆ ಟಿಕೆಟ್ ತೆಗೆಸಿದ್ದೇನೆ. ಮೈಸೂರಿಗೆ, ವೇದಾಳ ತಂದೆಗೂ ನಿಜ ಬರೆಯುತ್ತೇನೆ ಎಂದು ಅವನಿಗೆ ಹೇಳಿ. ಅವನ ಎದುರಿಗೇ ಕುಳಿತು ಬರೆಯುತ್ತೇನೆ.

ನಿಮ್ಮ ಅಣ್ಣ,
ಆನಂದತೀರ್ಥ


ಬೆರ್ರಿಯೆಸಾ
೭ ಜೂನ್ ೧೯೮೬

ಆನಂದತೀರ್ಥ ಅವರಿಗೆ,

ಸೋಮವಾರ, ಜೂನ್ ಎರಡರಂದು, ಬೆಳಗ್ಗೆ ಹತ್ತು ಗಂಟೆಗೆ ಇವರು ಹೋದರು. ಊರ್ಮಿಳಾ ಸ್ಕೂಲಿನಲ್ಲಿದ್ದಳು. ನಾನು ಹತ್ತಿರವಿದ್ದೆ. ಉಸಿರು ಸಣ್ಣಗಾಗುತ್ತ ಬಂದು ನಿಂತಿತು, ಕಷ್ಟವಾದಂತೆ ಕಾಣಲಿಲ್ಲ. ನಿಮಗೆ ಫೋನ್ ಮಾಡಬೇಕಾಗಿತ್ತು. ನಂಬರ್ ಎದುರಿಗೆ ಇಟ್ಟುಕೊಂಡು ಕೂತೆ, ಮಾಡಲಾಗಲಿಲ್ಲ.

ಕೊನೆಯ ಹತ್ತು ದಿನ ಟ್ಯೂಬಿನಲ್ಲೇ ಆಹಾರ. ಬಾಯಿಗೆ ಏನೂ ಹಾಕಬಾರದು ಎಂದು ನರ್ಸ್ ಹೇಳಿದ್ದರು. ಭಾನುವಾರ ನರ್ಸ್ ಆಚೆ ಹೋದಾಗ ಪಾಕದಲ್ಲಿ ಹತ್ತಿ ಅದ್ದಿ ತುಟಿಗೆ ಸವರಿದೆ. ರುಚಿ ತಿಳಿಯಿತೋ ಇಲ್ಲವೋ ಹೇಳಲಾರೆ. ಹಲಗೆ ಹಿಡಿದೆ, ನೋಡಲಿಲ್ಲ.

ಹದಿನಾಲ್ಕರ ಟಿಕೆಟ್ ವಾಪಸ್ ಮಾಡಿ. ಮನೆಯಲ್ಲಿ ಇವರ ಅಕ್ಕ ಬೋರಮ್ಮ ಬಂದು ಇದ್ದಾರೆ. ಹೊಸ ಮುಖಗಳನ್ನು ನೋಡುವ ಶಕ್ತಿ ನನಗೀಗ ಇಲ್ಲ. ನೀವು ಬರುವ ವಿಷಯ ಇವರಿಗೆ ಹೇಳಿದ್ದೆ. ಒಂದು ಸಲ ರೆಪ್ಪೆ ಹೊಡೆದಿದ್ದರು.

ವಸುಧಾ


ಬರ್ಲಿಂಗ್ಟನ್
೧೯ ಅಕ್ಟೋಬರ್ ೧೯೮೬

ತಂಗಿ ವಸುಧಾ,

ಜೂನ್‌ನಿಂದ ನಾಲ್ಕು ಪತ್ರ ಬರೆದು ನಾಲ್ಕನ್ನೂ ಹರಿದೆ. ಇದನ್ನು ಹರಿಯುವುದಿಲ್ಲ.

ಹೋದ ಶನಿವಾರ ವೀಲಾಕರ ತೋಟಕ್ಕೆ ಹೋಗಿದ್ದೆ. ಜಯರಾಮ ತೀರಿಕೊಂಡದ್ದನ್ನು ಮಿಸೆಸ್ ವೀಲಾಕ್‌ಗೆ ತಿಳಿಸಬೇಕಾಗಿತ್ತು. ಆಕೆಗೆ ಎಪ್ಪತ್ತಾರು ವರ್ಷ, ನೆನಪು ಚೆನ್ನಾಗಿದೆ. ಮಾರ್ಚಿನಲ್ಲಿ ಡಬ್ಬಿ ತರಲು ಹೋದಾಗ ಆ ದಿನದ ಮಾತನ್ನು ನಾನೂ ಎತ್ತಿರಲಿಲ್ಲ, ಆಕೆಯೂ ಎತ್ತಿರಲಿಲ್ಲ. ಈ ಸಲ ನಾನೇ ಕೇಳಿದೆ. ಕೇಳದೆ ಇರಬಹುದಾಗಿತ್ತು. ಖಚಿತವಾಗಿ ಗೊತ್ತಾದರೆ ಮನಸ್ಸು ಪೂರ್ತಿ ಹಗುರಾಗುತ್ತದೆ ಎಂದುಕೊಂಡು ಕೇಳಿದೆ.

ಆಕೆ ಹೇಳಿದ್ದು ಹೀಗೆ. ನನ್ನ ಫೋನ್ ಇಟ್ಟ ಕೂಡಲೆ ಕೋಟು ಹಾಕಿಕೊಂಡು ಗುಡಿಸಲಿಗೆ ಹೋದರಂತೆ. ಜಯರಾಮ ಕೊಪ್ಪರಿಗೆಯ ಮುಂದೆ ಸೌಟು ಹಿಡಿದು ನಿಂತಿದ್ದ. ನನ್ನ ಮಾತನ್ನು ಇದ್ದಹಾಗೇ ಹೇಳಿದರಂತೆ. ವೇದಾ, ನಾನು ಬರುವುದಿಲ್ಲ ಎಂದಳಂತೆ. ಜಯರಾಮ ಸೌಟು ಇಟ್ಟು, "ಅವನಿಗೆ ಬೇಜಾರಾಗಿದೆ, ಹೋಗೋಣ," ಎಂದನಂತೆ. ಇಂಗ್ಲಿಷಿನಲ್ಲೇ, ಆಕೆಗೂ ತಿಳಿಯುವ ಹಾಗೆ. ಪಾಕವನ್ನು ಒಲೆಯಿಂದ ಇಳಿಸಲೂ ನಿಲ್ಲಲಿಲ್ಲ, ಆ ಕೊಪ್ಪರಿಗೆ ಸೀದು ಹೋಯಿತು ಎಂದರು.

ಅವನು ನಿಮಗೆ ಬರೆಸಿದ್ದು ಸುಳ್ಳು. ನಾನು ಏನು ಮಾಡಬೇಕು ವಸುಧಾ? ಅವನನ್ನು ಕೇಳುವ ಹಾಗಿಲ್ಲ. ಅವನು ಇದನ್ನು ಏಕೆ ಹೇಳಿದ? ನಿಮಗೆ ಏನಾದರೂ ಗೊತ್ತಿದ್ದರೆ ದಯವಿಟ್ಟು ಬರೆಯಿರಿ. ಮತ್ತೆ ನಿದ್ದೆ ಇಲ್ಲ.

ಆನಂದತೀರ್ಥ


ಬೆರ್ರಿಯೆಸಾ
೯ ನವೆಂಬರ್ ೧೯೮೬

ಮಾನ್ಯ ಆನಂದತೀರ್ಥ ಅವರಿಗೆ,

ಏಕೆ ಹೇಳಿದರು ಎಂದು ಕೇಳಿದ್ದೀರಿ. ನಿಮಗಾಗಿ ಹೇಳಿದರು. ಇದಕ್ಕಿಂತ ಹೆಚ್ಚಿನದು ನನಗೆ ಗೊತ್ತಿಲ್ಲ.

ಅದು ಸುಳ್ಳೆಂದು ನನಗೆ ಆ ಮಧ್ಯಾಹ್ನವೇ ತಿಳಿದಿತ್ತು. ಏಳು ವರ್ಷ ಜೊತೆಗಿದ್ದವಳು ನಾನು. ಇವರಿಗೆ ಎಂದೂ ಜಂಬ ಇರಲಿಲ್ಲ, ಡ್ರೈವಿಂಗಿನ ಜಂಬವಂತೂ ಇಲ್ಲವೇ ಇಲ್ಲ. ಫ್ರೀವೇಯಲ್ಲಿ ಎಲ್ಲರಿಗಿಂತ ನಿಧಾನ ಹೋಗಿ ಬೈಸಿಕೊಳ್ಳುತ್ತಿದ್ದರು. ಆ ಪದವನ್ನು ಬರೆಸುವಾಗ ನನ್ನ ಮುಖ ನೋಡಲಿಲ್ಲ. ಹಲಗೆ ಎತ್ತಿ ಆಚೆಗೆಸೆಯಬೇಕು ಅನ್ನಿಸಿತ್ತು. ನಿಮ್ಮ ಒಂದು ಫೋನಿಗಾಗಿ ಎಂಟು ವರ್ಷ ತಲೆ ತಗ್ಗಿಸಿಕೊಂಡು ಬದುಕಿದವರು, ಸಾಯುವ ಮೊದಲು ಇನ್ನೊಂದು ಸಲ ತಲೆ ತಗ್ಗಿಸುತ್ತಿದ್ದರು. ಅದನ್ನು ನನ್ನ ಬೆರಳಿನಿಂದಲೇ ಮಾಡಿಸುತ್ತಿದ್ದರು. ಆದರೂ ಬರಿ ಎಂದರು. ಬರೆದೆ.

ಅವರ ಮೈಯಲ್ಲಿ ಆಗ ಕೆಲಸ ಮಾಡುತ್ತಿದ್ದದ್ದು ಎರಡು ರೆಪ್ಪೆ. ಅದರಲ್ಲಿ ಒಂದು ಗಂಟೆ ನಿಮಗೆ ಕೊಟ್ಟರು. ಮರುದಿನ ನನಗಾಗಿ, ಊರ್ಮಿಳೆಗಾಗಿ ಏನಾದರೂ ಹೇಳುತ್ತಾರೇನೋ ಎಂದು ಹಲಗೆ ಹಿಡಿದು ಕೂತಿದ್ದೆ. ಬಳಲಿಹೋಗಿದ್ದರು. ಅದರ ಮರುದಿನವೂ ಅಷ್ಟೇ. ಆಮೇಲೆ ಉದ್ದದ ಮಾತು ಬರಲೇ ಇಲ್ಲ. ಮಗಳಿಗೆ ಅಪ್ಪ ಬಿಟ್ಟುಹೋದ ಮಾತು ಒಂದೂ ಇಲ್ಲ. ಕೊನೆಯ ಮಾತು ನಿಮ್ಮದಾಯಿತು.

ಅದನ್ನು ನಂಬಿಕೊಂಡು ನೀವು ಇದ್ದುಬಿಡಬಹುದಿತ್ತು. ಐದು ತಿಂಗಳು ಇದ್ದಿರಿ. ಆಮೇಲೆ ನಿಜವೋ ಸುಳ್ಳೋ ಎಂದು ವಿಚಾರಿಸಿಕೊಂಡು ಬಂದಿರಿ.

ವೇದವತಿಯವರ ತಂದೆಗೆ ಬರೆಯುತ್ತೇನೆ ಎಂದಿದ್ದಿರಿ. ಬರೆದಿರೋ ಇಲ್ಲವೋ ನಿಮ್ಮ ಪತ್ರದಲ್ಲಿಲ್ಲ. ನಾನು ಕೇಳುವುದೂ ಇಲ್ಲ. ಡಿಸೆಂಬರಿನಲ್ಲಿ ಈ ಮನೆ ಬಿಟ್ಟು ಇಲ್ಲೇ ಹತ್ತಿರದ ಡಬ್ಲಿನ್ ಎಂಬ ಊರಿಗೆ ಹೋಗುತ್ತಿದ್ದೇವೆ, ಅಲ್ಲಿ ಒಂದು ಡೇಕೇರಿನಲ್ಲಿ ನನಗೆ ಕೆಲಸ ಸಿಕ್ಕಿದೆ. ಹೊಸ ವಿಳಾಸ ಕಳಿಸುವುದಿಲ್ಲ.

ನಿಮ್ಮ ಮೇಲೆ ಸಿಟ್ಟಿಲ್ಲ, ಅದು ಯಾವಾಗಲೋ ಮುಗಿಯಿತು. ಆದರೆ ಅವರು ಹೇಳಿದ್ದನ್ನೇ ನಾನೂ ಇನ್ನೊಂದು ಸಲ ಹೇಳಲಿ ಎಂದು ಕಾಯಬೇಡಿ. ನನ್ನಿಂದ ಅದು ಆಗುವುದಿಲ್ಲ.

ಇತಿ,
ವಸುಧಾ ಜಯರಾಮ್